ನಾಲ್ಕನೇ ಗೇಣಿನ ಹತ್ತಿ

ಮೊನ್ನೆ ಭಾನುವಾರ ಹಳೆಯ ಗಾದಿಯೊಂದರ ಹೊಲಿಗೆ ಬಿಚ್ಚಿದೆ. ಒಳಗಿನ ಹತ್ತಿಯೆಲ್ಲ ಗಂಟುಗಂಟಾಗಿತ್ತು. ಬಿಡಿಸಿದರೆ ಬಿಸಿಲಿಗೆ ಕಾದ ಧೂಳಿನಂಥ, ಹತ್ತಿಕಾಳಿನಂಥ ಹಳೇ ವಾಸನೆ ಭಗ್ಗೆಂದು ಮೂಗಿಗೆ ಬಡಿಯಿತು. ಎರಡು ಸಲ ಸೀನಿದೆ. ಮೂರನೆಯ ಸೀನಿನ ಹೊತ್ತಿಗೆ ಹತ್ತಿ ಹಿಂಜುವ ಅಜ್ಜ ನೆನಪಾಗಿಬಿಟ್ಟರು...

ಆಗ ನಾವು ದಾವಣಗೆರೆಯ ಹಳೇ ಪೇಟೆಯಲ್ಲಿದ್ದೆವು. ವರ್ಷಕ್ಕೊಮ್ಮೆ ಅಜ್ಜ ಆಳೆತ್ತರದ ಬಿಲ್ಲು ಹೆಗಲಿಗೇರಿಸಿಕೊಂಡು ಬರುವರು. ಪಡಸಾಲೆಯಲ್ಲಿ ಕೂತು, ಮರದ ಕೊಡತಿಯ ಅಂಚಿನಿಂದ ಬಿಲ್ಲಿನ ತಂತಿಯನ್ನು ಎಳೆದೆಳೆದು ಬಿಡುವರು. ಧುಂಯ್, ಧುಂಯ್ ಎಂದು ಅದು ಅದುರುತ್ತಿದ್ದಂತೆ ಕಲ್ಲಿನಂಥ ಹತ್ತಿ ನೊರೆಯಂತೆ ಅರಳುತ್ತಿತ್ತು. ಆ ದನಿಗೆ ಅಡುಗೆಮನೆಯ ಗೂಡಿನಲ್ಲಿದ್ದ ಒಂದು ಹಿತ್ತಾಳೆ ತಟ್ಟೆ ಮಾತ್ರ ತಾನೂ ಗುಂಯ್‌ಗುಡುತ್ತಿತ್ತು. ಪಕ್ಕದ ಪಾತ್ರೆಗಳೆಲ್ಲ ತೆಪ್ಪಗೆ. ನಮ್ಮತ್ತೆ ಗೊಣಗುತ್ತಲೇ ಹೋಗಿ ಅದನ್ನು ಬೋರಲು ಹಾಕಿ ಬರುತ್ತಿದ್ದರು.

ಅಂಥ ಒಂದು ವರ್ಷ ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿ ಸೇರಿದ್ದೆ. ಕಾಯಂ ಅಲ್ಲ, ಒಂದು ವರ್ಷದ ಮಟ್ಟಿಗೆ. ಬಿಗಿದ ತಂತಿಯನ್ನು ಮೀಟಿದರೆ ಅಲೆ ಆ ತುದಿಗೆ ಹೋಗಿ ತಿರುಗಿ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಸೇರಿ ತಂತಿಯ ಕೆಲವು ಜಾಗ ಜೋರಾಗಿ ಕುಣಿಯುತ್ತವೆ, ಕೆಲವು ಬಿಂದುಗಳು ಕದಲುವುದೇ ಇಲ್ಲ. ಇದು ಸ್ಥಾಯೀ ಅಲೆ. ಹೀಗೆಂದು ಬೋರ್ಡಿನ ಮೇಲೆ ಚಿತ್ರ ಬರೆದದ್ದೇ ಬರೆದದ್ದು, ಮಕ್ಕಳು ಆಕಳಿಸಿದ್ದೇ ಆಕಳಿಸಿದ್ದು. ಕಿಟಕಿಯಾಚೆ ನಿಂತು ಕೇಳಿದ ಹೆಡ್‌ಮಾಸ್ತರು, ಶುಕ್ರವಾರ ತಾವೇ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದಾಗಿಯೂ, ಮುಂದಿನ ವರ್ಷದ ಮಾತು ಆಮೇಲೆ ಎಂದೂ ಹೇಳಿ ಹೋದರು. ಕೆಲಸ ಉಳಿಯುವುದು ಆ ಒಂದು ಪಾಠದ ಮೇಲೆ ನಿಂತಿತ್ತು.

ಗುರುವಾರ ಮನೆಗೆ ಬಂದರೆ ಪಡಸಾಲೆಯಲ್ಲಿ ಅಜ್ಜ. ತಂತಿಯ ಮೇಲೆ ಚಿಟಿಕೆ ಚಿಟಿಕೆ ಹತ್ತಿ ಸಾಲಾಗಿ ಇಡುತ್ತಿದ್ದರು. ಏನಜ್ಜಾ ಅಂದೆ. ತಂತಿಯ ಉದ್ದ ಆರು ಗೇಣು. ಎರಡನೇ ಗೇಣಿನಲ್ಲಿ ಬೆರಳು ತಾಗಿಸಿ ಕೊಡತಿಯಿಂದ ಮೀಟಿದರು. ಹತ್ತಿಯೆಲ್ಲ ಹಾರಿಬಿತ್ತು, ನಾಲ್ಕನೇ ಗೇಣಿನ ಮೇಲಿದ್ದ ಒಂದು ಚಿಟಿಕೆ ಬಿಟ್ಟು! ಅದು ಅಲ್ಲೇ ಕೂತರೆ ತಂತಿ ಎಲ್ಲ ಕಡೆ ಒಂದೇ ಸಮ ಇದೆ ಅಂತ. ಸರಿದು ಕೂತರೆ ಎಲ್ಲೋ ಸವೆದಿದೆ, ಇನ್ನೇನು ಹರಿಯುತ್ತದೆ ಅಂತ. ಇದು ಅವರಪ್ಪ ಹೇಳಿಕೊಟ್ಟ ಪರೀಕ್ಷೆಯಂತೆ. ನಾನು ಒಂದು ವಾರ ಒದ್ದಾಡಿದ ಪಾಠ ಪಡಸಾಲೆಯಲ್ಲೇ ಕೂತಿತ್ತು.

ನಾಳೆ ಒಂದೊಪ್ಪತ್ತು ಬಿಲ್ಲು ಕೊಡಿ ಎಂದು ಅಂಗಲಾಚಿದೆ. ಅಜ್ಜ ಒಪ್ಪಿ, ಬಿಲ್ಲನ್ನು ನಮ್ಮಲ್ಲೇ ಬಿಟ್ಟು ಹೋದರು.

ಬೆಳಿಗ್ಗೆ ಎದ್ದು ನೋಡುತ್ತೇನೆ, ಬಿಲ್ಲು ದೇವರ ಕೋಣೆಯ ಗೋಡೆಗೆ ಒರಗಿದೆ. ಮೈತುಂಬ ಮೂರು ಬೆರಳಿನ ವಿಭೂತಿ, ತುದಿಗೊಂದು ಕಣಗಿಲೆ ಹೂ. ತಂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ದುಡಿಯುವ ಸಾಮಾನು ಮನೆಯಲ್ಲಿ ತಂಗಿದರೆ ತೊಳೆದು ವಿಭೂತಿ ಹಚ್ಚದೆ ಕಳಿಸಬಾರದು ಎನ್ನುವುದು ಅತ್ತೆಯ ನೇಮ. ನಾನು ಮೀಟಿ ನೋಡಿದೆ. ಒದ್ದೆ ಹಗ್ಗದ ಹಾಗೆ ದೊಪ್ಪೆಂದಿತು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಅಜ್ಜ ಬಂದರು. ಬಿಲ್ಲು ನೋಡಿದರು, ನನ್ನ ಮುಖ ನೋಡಿದರು.

"ಅಮ್ಮಾರೆ, ನಸಿಕ್ನಾಗೇ ಜಳಕ ಮಾಡಿಸೀರಿ. ಪಾಪ, ಇದಕ್ಕೆ ನೆಗಡಿ ಆಗೈತೆ."

"ನಿಂಗೇನು ಗೊತ್ತು, ಅದು ಅನ್ನ ಕೊಡೋ ಸಾಮಾನು," ಎಂದರು ಅತ್ತೆ.

ಬಿಲ್ಲು ಒಂದನ್ನೇ ಕಳಿಸಿದರೆ ಆಗಲಿಕ್ಕಿಲ್ಲ ಎಂದು ಅಜ್ಜ ತಾವೇ ನನ್ನ ಜೊತೆ ಹೊರಟರು. ಬಸ್ಸಿನಲ್ಲಿ ಕಂಡಕ್ಟರು ಬಿಲ್ಲಿಗೂ ಒಂದು ಟಿಕೀಟು ತಗೊಳ್ರಿ ಅಂದರೆ, "ಅದು ಕೂಡಾಕೆ ಸೀಟು ತೋರ್ಸಪ್ಪಾ, ತಗೊಂತೀನಿ," ಎಂದರು. ಕಿಟಕಿಯ ಗಾಳಿಗೆ ತಂತಿಯ ಮೇಲಿನ ಭಾಗ ಒಡ್ಡಿ ಕೂತರು. ಬಾತಿ ಊರು ದಾಟುವಾಗ ನನ್ನ ಕಡೆ ಬಾಗಿ, ದನಿ ತಗ್ಗಿಸಿ, ಆ ತಂತಿ ಕುರಿಯ ಕರುಳಿನಿಂದ ಹೊಸೆದದ್ದು, ನಿಮ್ಮತ್ತೆಗೆ ಹೇಳಬ್ಯಾಡ್ರಿ ಅಂದರು. ಅತ್ತೆಗೆ ಅವರ ಕೊನೆಯವರೆಗೂ ನಾನು ಹೇಳಲಿಲ್ಲ.

ಕ್ಲಾಸಿನಲ್ಲಿ ಎರಡು ಡೆಸ್ಕುಗಳ ಮೇಲೆ ಬಿಲ್ಲು ಮಲಗಿಸಿದೆವು. ಹೆಡ್‌ಮಾಸ್ತರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದರು. ನಾನು ಬೋರ್ಡಿನ ಚಿತ್ರದಲ್ಲಿ ನಾಲ್ಕನೇ ಗೇಣಿಗೆ ಗುರುತು ಹಾಕಿ, ಇಲ್ಲಿಯ ಹತ್ತಿ ಕದಲುವುದಿಲ್ಲ, ನೋಡಿ ಎಂದೆ. ಅಜ್ಜ ಬೆರಳಿಟ್ಟು ಮೀಟಿದರು.

ನಾಲ್ಕನೇ ಗೇಣಿನ ಹತ್ತಿ ಹಾರಿಹೋಯಿತು. ಎರಡು ಬೆರಳು ಆಚೆಗಿದ್ದದ್ದು ಕೂತೇ ಇತ್ತು.

ಮಕ್ಕಳು ಕಿಸಕ್ಕೆಂದರು. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ಆ ಗುರುತನ್ನು ಅಳಿಸಿಬಿಡಲೇ ಎಂದು ಡಸ್ಟರಿಗೆ ಕೈ ಹಾಕಿದ್ದೂ ಹೌದು.

"ಅಳಿಸಬ್ಯಾಡ್ರಿ ಟೀಚರಮ್ಮ," ಎಂದರು ಅಜ್ಜ. "ಆ ಕಡೆ ತಂತಿ ಇನ್ನಾ ಹಸಿ ಐತೆ. ನೀರು ಕುಡಿದು ಭಾರ ಆಗೈತೆ. ಹತ್ತಿ ಅದನ್ನೇ ಹೇಳಾಕತ್ತೈತೆ."

ಆಗ ನನಗೂ ಹೊಳೆಯಿತು. ಭಾರವಿದ್ದ ಕಡೆ ಅಲೆ ನಿಧಾನ. ನಿಧಾನವಾದರೆ ಅದರ ಹೆಜ್ಜೆ ಗಿಡ್ಡ. ಹಾಗಾಗಿ ನಿಶ್ಚಲ ಬಿಂದು ಹಸಿಯ ಕಡೆ ಸರಿದಿದೆ! ಹಾಗಾದರೆ ಒಣಗಿದಂತೆಲ್ಲ ಅದು ವಾಪಸ್ ಬರಬೇಕು ಎಂದು ಒಬ್ಬ ಹುಡುಗಿ ಕೂತಲ್ಲಿಂದಲೇ ಹೇಳಿದಳು. ಬಿಸಿಲಿಗೆ ಇಟ್ಟು ನೋಡೋಣವೇ ಎಂದು ಅಜ್ಜನನ್ನು ಕೇಳಿದೆ. ಅವರು ತುಸು ತಡೆದು, ಇಡ್ರಿ ಅಂದರು.

ಇಡೀ ಕ್ಲಾಸು ಬಿಲ್ಲು ಹೊತ್ತುಕೊಂಡು ಅಂಗಳಕ್ಕೆ ಇಳಿಯಿತು. ಸ್ವಲ್ಪ ಸ್ವಲ್ಪ ಹೊತ್ತಿಗೆ ಮೀಟುವುದು, ಗೇಣು ಹಾಕುವುದು. ಹತ್ತಿ ಒಂದು ಬೆರಳು ಈಚೆ ಬಂತು, ಆಮೇಲೆ ಅರ್ಧ ಬೆರಳು... ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ ಅದು ನಾಲ್ಕನೇ ಗೇಣಿನ ಮೇಲೆ ಕೂತಾಗ, ಹೆಡ್‌ಮಾಸ್ತರು ಪ್ಯಾಂಟು ಮಣ್ಣಾದದ್ದೂ ಗೊತ್ತಿಲ್ಲದೆ ನೆಲದ ಮೇಲೆ ಮಂಡಿಯೂರಿದ್ದರು. ಎದ್ದು ಮಣ್ಣು ಕೊಡವಿಕೊಂಡು, ಮುಂದಿನ ವರ್ಷ ಒಂಬತ್ತನೇ ಕ್ಲಾಸಿನದನ್ನೂ ನೀವೇ ತಗೊಳ್ರಿ ಎಂದಷ್ಟೇ ಹೇಳಿದರು.

ವಾಪಸ್ ಬರುವಾಗ ಅಜ್ಜ, ಹತ್ತಿ ಅಲ್ಲೇ ಯಾಕೆ ಕೂಡುತ್ತದೆ ಎಂದು ಕೇಳಿದರು. ಎಲ್ಲಿ ಕೂಡುತ್ತದೆ ಅನ್ನುವುದು ಅವರಿಗೆ ನಲವತ್ತು ವರ್ಷದಿಂದ ಗೊತ್ತಿತ್ತು, ಯಾಕೆ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಹೋಗುವ ಅಲೆ ಮೇಲಕ್ಕೆ ಎಳೆದಷ್ಟೂ ಬರುವ ಅಲೆ ಅಲ್ಲಿ ಕೆಳಕ್ಕೆ ಎಳೆಯುತ್ತದೆ, ಅದಕ್ಕೇ ಎಂದು ನನ್ನ ಸೀರೆಯ ಸೆರಗು ಹಿಡಿದು ತೋರಿಸಿದೆ. ಪುಸ್ತಕದ ಮಾತು ನನ್ನ ಬಾಯಲ್ಲಿ ಸಲೀಸಾಗಿ ಬಂದದ್ದು ಅದೇ ಮೊದಲು.

ಮರುವರ್ಷ ಅಜ್ಜ ಬಂದಾಗ ಬಿಲ್ಲಿಗೆ ಹೊಸ ತಂತಿ ಇತ್ತು. ಕೇಳಿದೆ. ನೆನೆದ ಕರುಳಿನ ತಂತಿಯನ್ನು ನೆರಳಿನಲ್ಲೇ ಒಣಗಿಸಬೇಕು, ಬಿಸಿಲು ತಾಗಿದರೆ ಬಿರುಸಾಗಿ ಹರಿಯುತ್ತದೆ. ಆ ಹಳೇ ತಂತಿ ಎರಡೇ ವಾರಕ್ಕೆ ಹರಿಯಿತು ಎಂದರು. ಮೊದಲೇ ಗೊತ್ತಿತ್ತೇ ಅಂದರೆ, "ಆ ಮಕ್ಳು ಹಂಗ ನೋಡಾಕತ್ತಿದ್ರಲ್ಲ ಟೀಚರಮ್ಮ, ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ," ಎಂದು ಹತ್ತಿಯ ಕಡೆ ತಿರುಗಿದರು.

ಆಮೇಲೆ ಒಂದು ವರ್ಷ ಅಜ್ಜ ಬರಲಿಲ್ಲ. ಹತ್ತಿ ಹಿಂಜುವ ಮಿಷನ್ನನ್ನು ಗಾಡಿಯ ಮೇಲೆ ತಂದವರು ವಿಷಯ ತಿಳಿಸಿದರು...

ಹೋದ ತಿಂಗಳು ನಮ್ಮ ಲ್ಯಾಬಿನಲ್ಲಿ ತಂತಿಯ ಅಲೆ ಅಳೆಯುತ್ತಿದ್ದ ಒಬ್ಬ ಹುಡುಗಿಯ ಲೆಕ್ಕ ಪುಸ್ತಕದ್ದಕ್ಕೆ ತಾಳೆಯಾಗಲಿಲ್ಲ. ಪುಸ್ತಕದ್ದನ್ನೇ ಬರಿಯೇ ಎಂದು ಗೆಳತಿಯರು ಪಿಸುಗುಟ್ಟಿದರು. ಅವಳು ಬರೆಯಲಿಲ್ಲ. ತಂತಿ ಎಲ್ಲಿ ಸವೆದಿದೆಯೋ ಎಂದು ಉಗುರಿನಿಂದ ಉದ್ದಕ್ಕೂ ಸವರುತ್ತ ಹೋದಳು. ಆ ಸಂಜೆ ಇದನ್ನು ಯಾರಿಗೆ ಹೇಳಬೇಕು ಅನ್ನಿಸಿತೋ ಆ ಒಬ್ಬರು ಇಲ್ಲ. ನಾನು ಲ್ಯಾಬಿನ ಬಾಗಿಲು ಹಾಕದೆ ಇನ್ನೊಂದು ಗಂಟೆ ಕೂತೆ, ಅವಳು ಹುಡುಕಿ ಮುಗಿಸುವವರೆಗೂ.