ಶಾಫ್ಟಿಗೆ ಒತ್ತಿದ ಕಾರ್ಬನ್ ಬ್ರಷ್

ಎಲೆಕ್ಟ್ರಿಕ್ ಗಾಡಿಗಳ ಮೋಟಾರು ವಿನ್ಯಾಸ ಮಾಡಿ ಪರೀಕ್ಷಿಸುವುದು ನನ್ನ ಕೆಲಸ. ಪರೇಲಿನ ಹಳೆಯ ಮಿಲ್ಲೊಂದರ ಜಾಗದಲ್ಲಿ ನಮ್ಮ ಲ್ಯಾಬು. ಎಂಟುನೂರು ವೋಲ್ಟು, ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು. ಮೋಟಾರು ಓಡುವಾಗ ಯಾರೂ ಹತ್ತಿರ ನಿಲ್ಲುವಂತಿಲ್ಲ. ಗಾಜಿನ ಈಚೆ ನಾನೊಬ್ಬಳೇ ಕೂತಿರುತ್ತೇನೆ. ಸಯನ್‌ನಲ್ಲಿರುವ ನನ್ನ ಫ್ಲ್ಯಾಟಿನಲ್ಲೂ ಅದೇ ಕತೆ. ಲಿಫ್ಟಿನಲ್ಲಿ ಸಿಕ್ಕ ನೆರೆಯವರು ಮೊಬೈಲ್ ನೋಡುತ್ತಾರೆ. ಸುಳ್ಳೇಕೆ ಹೇಳಲಿ, ನಾನೂ ಅದನ್ನೇ ಮಾಡುತ್ತೇನೆ.

ಲ್ಯಾಬಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಒಬ್ಬರೇ, ಫಿಟ್ಟರ್ ಚಾಚಾ. ಬಿಜಾಪುರದ ಕಡೆಯವರು, ಮನೆಯಲ್ಲಿ ದಖನಿ, ನನ್ನ ಜೊತೆ ಕನ್ನಡ. ಮೋಟಾರಿಗೆ ಬೇರಿಂಗ್ ಕೂಡಿಸುವಾಗ ಅವರು ಸುತ್ತಿಗೆ ಮುಟ್ಟುತ್ತಿರಲಿಲ್ಲ. ಹದವಾಗಿ ಬಿಸಿ ಮಾಡಿ, ಶಾಫ್ಟಿನ ಮೇಲೆ ತಾನಾಗಿ ಜಾರುವಂತೆ ಬಿಡುತ್ತಿದ್ದರು. ಮಧ್ಯಾಹ್ನ ನಾನು ಡಬ್ಬಿ ತೆಗೆದರೆ, "ಇವತ್ತೂ ಮೊಸರನ್ನಾನೇ ಏನ್ರಿ ಮೇಡಂ? ಜ್ವರಾ ಬಂದವರ ಊಟ ಅದು" ಎಂದು ಕಾಲೆಳೆದು, ಶೇಂಗಾ ಚಟ್ನಿ ನನ್ನ ಕಡೆ ಸರಿಸುತ್ತಿದ್ದರು. ಇಡೀ ದಿನದಲ್ಲಿ ನಾನು ನಗುತ್ತಿದ್ದದ್ದು ಆ ಅರ್ಧ ಗಂಟೆ.

ಚಾಚಾ ಜೋಡಿಸಿದ ಹೊಸ ಮೋಟಾರೊಂದು ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಸದ್ದಿಲ್ಲದೆ ಓಡಿತು. ಗಾಡಿಗೆ ಕೂಡಿಸಿದ ಮೂರನೇ ವಾರಕ್ಕೆ ಗೊರಗೊರ ಎನ್ನತೊಡಗಿತು. ಬಿಚ್ಚಿದರೆ ಬೇರಿಂಗ್ ಹಾಳಾಗಿತ್ತು. ಸಂಜೆಯೊಳಗೆ ಕಾರಣ ಬೇಕೆಂದು ಮೇಲಿನವರು ಪಟ್ಟು ಹಿಡಿದರು. ನನಗೆ ಮೂಗಿನ ತುದಿಯಲ್ಲೇ ಕೋಪ. ನನ್ನ ವಿನ್ಯಾಸ ತಪ್ಪುವುದುಂಟೇ ಎಂದುಕೊಂಡು, "ಬೇರಿಂಗ್ ಜೋಡಣೆಯ ದೋಷ" ಎಂದು ಬರೆದು ಕಳಿಸಿಬಿಟ್ಟೆ. ಆ ಬೇರಿಂಗನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವಷ್ಟೂ ತಾಳ್ಮೆ ಇರಲಿಲ್ಲ.

ಚಾಚಾರ ಕಾಂಟ್ರ್ಯಾಕ್ಟ್ ಆ ತಿಂಗಳಿಗೆ ಮುಗಿಯುವುದಿತ್ತು, ನನ್ನ ವರದಿ ನೋಡಿ ಆಫೀಸಿನವರು ಮುಂದುವರಿಸಲಿಲ್ಲ. ಹೋಗುವ ದಿನ ಅವರು ಸ್ಪ್ಯಾನರುಗಳನ್ನು ಒರೆಸಿಟ್ಟು "ಬರ್ತೀನ್ರಿ" ಎಂದರು. ಆಮೇಲೆ ನಾನು ಕಂಪ್ಯೂಟರ್ ಮುಂದೆಯೇ ಊಟ ಮಾಡತೊಡಗಿದೆ. ಕನ್ನಡ ಬಾಯಿಗೆ ಬರುತ್ತಿದ್ದದ್ದು ಭಾನುವಾರ ಮಾಟುಂಗದ ಕನ್ನಡದವರ ಹೋಟೆಲಿನಲ್ಲಿ ಇಡ್ಲಿ ಹೇಳುವಾಗ ಮಾತ್ರ.

ಬೇರೆ ಫಿಟ್ಟರ್ ಜೋಡಿಸಿದ ಎರಡನೇ ಮೋಟಾರೂ ಹಾಗೆಯೇ ಕೆಟ್ಟಿತು. ಈ ಸಲ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬೇರಿಂಗಿನ ಒಳಮೈಯಲ್ಲಿ ಸಾಲುಸಾಲು ಗೀರು, ಅವುಗಳಲ್ಲಿ ಕಿಡಿ ಸುಟ್ಟ ಚುಕ್ಕಿಗಳು. ಮೋಟಾರಿಗೆ ವಿದ್ಯುತ್ತು ಕೊಡುವ ಇನ್ವರ್ಟರ್ ಅಷ್ಟು ಹೆಚ್ಚಿನ ವೋಲ್ಟೇಜನ್ನು ಕಣ್ಣೆವೆ ಬಡಿಯುವುದರೊಳಗೆ ಸಾವಿರಾರು ಸಲ ಹಾಕಿ ತೆಗೆಯುವಾಗ ಸ್ವಲ್ಪ ವಿದ್ಯುತ್ತು ಶಾಫ್ಟಿಗೂ ಏರುತ್ತದೆ. ಬೇರೆ ದಾರಿ ಸಿಗದಿದ್ದರೆ ಬೇರಿಂಗಿನ ಗ್ರೀಸನ್ನು ಸೀಳಿಕೊಂಡು ಹಾರುತ್ತದೆ. ಲ್ಯಾಬಿನಲ್ಲಿ ಮಾತ್ರ ಅದಕ್ಕೆ ದಾರಿಯಿತ್ತು. ಅಳತೆಯ ಗೆರೆಗಳು ನಡುಗದೆ ಅಚ್ಚುಕಟ್ಟಾಗಿ ಬರಲೆಂದು ನಾನೇ ಶಾಫ್ಟಿಗೆ ಒಂದು ಕಾರ್ಬನ್ ಬ್ರಷ್ ಒತ್ತಿ, ವಿದ್ಯುತ್ತು ನೆಲಕ್ಕಿಳಿಯುವಂತೆ ಅರ್ಥ್ ಮಾಡಿದ್ದೆ. ಡ್ರಾಯಿಂಗಿನಲ್ಲಿ ಅದನ್ನು ತೋರಿಸಿರಲಿಲ್ಲ. ಹಾಗಾಗಿ ಗಾಡಿಯಲ್ಲಿ ಅದು ಇರಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು.

ತಪ್ಪು ನನ್ನದೆಂದು ಹೊಸ ವರದಿ ಬರೆದು, ಚಾಚಾರನ್ನು ಹುಡುಕಿಕೊಂಡು ಹೋದೆ. ಸ್ಟೇಷನ್ ಹಿಂದಿನ ಗಲ್ಲಿಯಲ್ಲಿ ಪಂಪು, ಫ್ಯಾನು ರಿಪೇರಿ ಮಾಡುವ ಅಂಗಡಿಯಲ್ಲಿದ್ದರು. ಸ್ಟೂಲು ಎಳೆದು ಕೂರಿಸಿದರು, ಚಹಾ ತರಿಸಿದರು.

"ಚಾಚಾ, ಬ್ರಷ್ ಹಾಕಿದ್ದು ನಾನು, ಬರೆಯೋದು ಮರೆತಿದ್ದೂ ನಾನೇ. ಸುಮ್ಮನೆ ನಿಮ್ಮ ಹೆಸರು ಕೆಡಿಸಿದೆ. ಕ್ಷಮಿಸಿ."

"ಗಾಡಿಗೆ ಹಾಕೋ ಮುಂದ ಆ ಬ್ರಷ್ ಬಿಚ್ಚಿದಾವ ನಾನೇ ಅಲ್ಲೇನ್ರಿ" ಎಂದರು ಚಾಚಾ. "ಒಂದ್ ಮಾತ ಕೇಳಿದ್ರ ಹೇಳತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಲ್ಯಾಬಿಗೆ ವಾಪಸ್ ಬನ್ನಿ, ನಾನು ಎಲ್ಲರ ಹತ್ತಿರ ಮಾತಾಡಿದ್ದೇನೆ ಎಂದೆ.

"ಬ್ಯಾಡ್ರಿ ಮೇಡಂ, ಇಲ್ಲೇ ಛಲೋ ಅದ. ಏನರ ಕೆಟ್ರ ಇಲ್ಲಿ ಮಂದಿ ಮೊದಲ ನನ್ನ ಕೇಳತಾರ."

ಅಷ್ಟು ಹೇಳಿ, ಬಿಚ್ಚಿಟ್ಟಿದ್ದ ಫ್ಯಾನಿನ ಕಡೆ ತಿರುಗಿದರು. ನಾನು ಚಹಾ ಮುಗಿಸಿ ಎದ್ದೆ.