ಎಂಟನೆಯ ಹಾಡಿನವರೆಗೆ ಹೋದವರು ಯಾರು?

ಮಗಳ ಮೊದಲ ಆಲ್ಬಮ್ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಬಿಡುಗಡೆಯಾಯಿತು. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ನನ್ನ ಫೋನ್ ತುಂಬ ಅಭಿನಂದನೆ. ಆಲ್ಬಮ್ಮಿನ ಉದ್ದ ಮೂವತ್ತೊಂದು ನಿಮಿಷ! ಇದು ನನ್ನ ತಲೆಗೆ ಹೋಗಲೇ ಇಲ್ಲ. ಅವಳ ತಲೆಗೆ ಹೋಯಿತು.

ರೆನಿಟಾಳಿಗೆ ಹತ್ತೊಂಬತ್ತು. ಹಾಡುವುದು ಕಂಟ್ರಿ. (ಅಮೆರಿಕದ ಹಳ್ಳಿಗಾಡಿನ ಗಿಟಾರ್ ಹಾಡಿಗೂ ಮಸ್ಕತ್‌ನಲ್ಲಿ ಹುಟ್ಟಿದ ಹುಡುಗಿಗೂ ಏನು ಸಂಬಂಧ ಅನ್ನಬೇಡಿ. ಮಂಗಳೂರಿನ ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಕ್ಯಾಸೆಟ್ ಕಾಲದಿಂದಲೂ ಭಾನುವಾರದ ಪೋರ್ಕಿನ ಜೊತೆ ಈ ಹಾಡುಗಳು ಇದ್ದೇ ಇರುತ್ತಿದ್ದವು.) ಎರಡು ವರ್ಷ ರೂಮಿನ ಬಾಗಿಲು ಹಾಕಿಕೊಂಡು ಎಂಟು ಹಾಡು ಬರೆದು ಹಾಡಿದ್ದಳು.

ಲಿಂಕ್ ಬಂದದ್ದೇ ತಡ, ನಾನು ಚರ್ಚ್ ಗ್ರೂಪು, ಊರಿನವರ ಗ್ರೂಪು, ಕಸಿನ್‌ಗಳ ಗ್ರೂಪು ಎಲ್ಲಕ್ಕೂ ಫಾರ್ವರ್ಡ್ ಮಾಡಿದೆ. ಹೆಬ್ಬೆರಳು, ಗುಲಾಬಿ, ಚಪ್ಪಾಳೆ. ನಾನು ಉಬ್ಬಿಹೋದೆ.

ಸಂಜೆ ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಯಾವ ಹಾಡನ್ನು ಎಷ್ಟು ಸಲ ಕೇಳಿದ್ದಾರೆ ಅಂತ ಅದರಲ್ಲಿ ಕಾಣುತ್ತದಂತೆ. ಮೊದಲನೆಯದಕ್ಕೆ ಇನ್ನೂರರ ಹತ್ತಿರ. ಎರಡನೆಯದಕ್ಕೆ ಇಪ್ಪತ್ತು ಚಿಲ್ಲರೆ. ಎಂಟನೆಯದಕ್ಕೆ ಬರೀ ಎರಡು. ಒಂದು ಅವಳದೇ, ಇನ್ನೊಂದು ಗಿಟಾರ್ ನುಡಿಸಿದ ಗೆಳತಿಯದು. ಮುಂದಿನ ಶುಕ್ರವಾರ ಒಂದು ಹಾಲ್‌ನಲ್ಲಿ ಜನರೆದುರು ಹಾಡುವುದಿತ್ತು. ಕ್ಯಾನ್ಸಲ್ ಮಾಡುತ್ತೇನೆ, ಇನ್ನು ಹಾಡುವುದೇ ಇಲ್ಲ ಎಂದಳು. ಅಳಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ನಾನಂತೂ ಕೇಳಿದೆನಲ್ಲ, ಎಂಟೂ ಚೆನ್ನಾಗಿವೆ ಅಂದೆ. ಅವಳು ಒಮ್ಮೆ ಲ್ಯಾಪ್‌ಟಾಪ್ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

ಭಾನುವಾರ ಕೆಲಸಕ್ಕೆ ಹೊರಟೆ (ಇಲ್ಲಿ ಮಸ್ಕತ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ). ಮನೆಯಿರುವ ಅಲ್ ಖೌದ್‌ನಿಂದ ಕೆಲಸದ ಜಾಗ ವಾದಿ ಕಬೀರ್‌ಗೆ ನನ್ನ ಕಾರಿನಲ್ಲಿ ದಿನಾ ಬರುವವರು ಅಲ್ಲಿನ ಒಂದು ಗ್ಯಾರೇಜಿನ ಮೆಕ್ಯಾನಿಕ್ ಹಮೀದ್, ನಮ್ಮ ಮಂಗಳೂರು ಕಡೆಯ ಬಿ.ಸಿ. ರೋಡಿನವರು. ನನ್ನ ಯಾವ ಗ್ರೂಪಿನಲ್ಲೂ ಇಲ್ಲ. ಯಾರ ಹಾಡು ಅಂತ ಹೇಳದೆ ಆಲ್ಬಮ್ ಹಾಕಿದೆ. ಮುಖಸ್ತುತಿ ಅಲ್ಲದ ಒಂದು ಮಾತು ಬೇಕಿತ್ತು. ಬೈದರೆ? ಬಂದ್ ಮಾಡಿ ಅಂದರೆ?

ಮೂರು ಹಾಡು ಮುಗಿಯುವವರೆಗೂ ಹಮೀದ್ ನನ್ನ ಕಾರಿನ ಎಸಿ ಸದ್ದಿನ ಬಗ್ಗೆಯೇ ಮಾತಾಡಿದರು. ನಾಲ್ಕನೆಯದಕ್ಕೆ ಮಾತು ನಿಂತಿತು. ಎಂಟನೆಯದು ಬಂತು. ನಾನೂ ಕೇಳುತ್ತಿದ್ದದ್ದು ಅದೇ ಮೊದಲು.

ಹಾಡಿನಲ್ಲಿ, ಮಸ್ಕತ್‌ನಾಚೆಯ ಬರ್ಕಾ ಊರಿಗೆ ಹೋಗುವ ಕಾರು. ಹಿಂದಿನ ಸೀಟಿನಲ್ಲಿ ಒಂದು ಮಗು, ಶಾಲೆಯಲ್ಲಿ ನಡೆದದ್ದೇನನ್ನೋ ಅಪ್ಪನಿಗೆ ಹೇಳಬೇಕು. ಅಪ್ಪ ಫೋನಿನಲ್ಲಿ. ‘ಒನ್ ಮಿನಿಟ್’ ಅನ್ನುತ್ತಾನೆ. ಬರ್ಕಾ ಬರುತ್ತದೆ, ಆ ಒಂದು ನಿಮಿಷ ಮುಗಿಯುವುದೇ ಇಲ್ಲ. ಅದು ನನ್ನದೇ ಮಾತು. ನನ್ನದೇ ಧಾಟಿ.

“ನನಗೆ ಇಂಗ್ಲಿಷ್ ಅಷ್ಟು ಗೊತ್ತಾಗುದಿಲ್ಲ ಮಾರಾಯ್ರೇ,” ಹಮೀದ್ ಮೆಲ್ಲಗೆ ಹೇಳಿದರು. “ಆದ್ರೆ ಈ ಹುಡುಗಿಗೆ ಯಾರ ಹತ್ರವೋ ಎಂತದೋ ಹೇಳ್ಲಿಕ್ಕುಂಟು. ಆ ಜನ ಕೇಳುದೇ ಇಲ್ಲ.”

ನನ್ನ ಮಗಳು ಅಂದೆ. ಅವರು, ಅದನ್ನೇ ಇನ್ನೊಮ್ಮೆ ಹಾಕಿ ಅಂದರು.

ಸಂಜೆ ಮನೆಯಲ್ಲಿ ಸತ್ಯ ಒಪ್ಪಿಕೊಂಡೆ. ಸುಳ್ಳು ಹೇಳಿದ್ದೆ, ಕೇಳಿರಲಿಲ್ಲ, ಇವತ್ತು ಕೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವಳು ಲ್ಯಾಪ್‌ಟಾಪ್ ನೋಡಿದಳು. ಎರಡು ಇದ್ದದ್ದು ನಾಲ್ಕಾಗಿತ್ತು. ನನ್ನ ಕ್ಷಮೆಯ ವಿಷಯ ಎತ್ತಲೇ ಇಲ್ಲ. ಹಮೀದ್ ಹೇಳಿದ್ದನ್ನು ಮಾತ್ರ ಎರಡು ಸಲ ಹೇಳಿಸಿದಳು.

“ಡ್ಯಾಡಿ, ವಿಲ್ ಹಿ ಕಮ್ ಆನ್ ಫ್ರೈಡೇ?” ಅಂದಳು. ಅವರು ಬಂದರೆ ಹಾಡುತ್ತಾಳಂತೆ.

ಹಮೀದ್ ಬರುತ್ತಾರೆ. ರಜೆಯ ದಿನ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೇ ಬರುತ್ತೇನೆ ಅಂದಿದ್ದಾರೆ. ನನಗೆ ಅವರ ಪಕ್ಕದ ಕುರ್ಚಿ. ಇವತ್ತು ಗುರುವಾರ, ಇದನ್ನು ಬರೆಯುವಷ್ಟರಲ್ಲೇ ಫೋನ್ ನಾಲ್ಕು ಸಲ ಎತ್ತಿ ನೋಡಿದ್ದೇನೆ.

ನಾಳೆ ಅವಳು ಆ ಎಂಟನೆಯ ಹಾಡು ಶುರುಮಾಡಿದಾಗ, ವೀಡಿಯೊ ತೆಗೆದು ಗ್ರೂಪಿಗೆ ಹಾಕದೆ ಕೂರಲು ನನ್ನಿಂದ ಆದೀತೇ?