ಒಣಗದ ದೋಣಿಗೆ ನೀರಿಲ್ಲ

ಆ ಕೆರೆಗೆ ದೋಣಿ ಇಳಿಸುವ ಇಳಿಜಾರು ಒಂದೇ. ಇಳಿಜಾರಿನ ತಲೆಗೆ ಒಂದು ಕಬ್ಬಿಣದ ಗೇಟು, ಗೇಟಿನ ಪಕ್ಕ ತಗಡಿನ ಸೂರಿನ ಕೊಠಡಿ, ಕೊಠಡಿಯ ಮುಂದೆ ಬಿಸಿನೀರು ಚಿಮ್ಮಿಸುವ ಯಂತ್ರ, ಯಂತ್ರದ ಮುಂದೆ ಮೊಣಕಾಲುದ್ದದ ರಬ್ಬರ್ ಬೂಟು, ಬೂಟಿನೊಳಗೆ ಒಣಗಕ್ಕ. ಅವಳ ಕಣ್ಣು ತಪ್ಪಿಸಿ ಆ ಕೆರೆಗೆ ಇಳಿಯುವುದು ಮಳೆಯೊಂದೇ ಎಂದು ಜನ ಹೇಳುತ್ತಿದ್ದರು. ಮಳೆಯನ್ನೂ ಅವಳು ಒಂದೆರಡು ಸಲ ಅನುಮಾನದಿಂದ ನೋಡಿದ್ದುಂಟು.

ಹೆತ್ತವರು ಇಟ್ಟ ಹೆಸರು ಬೇರೆ. ಬಂದವರಿಗೆಲ್ಲ "ಒಣಗಿಸ್ಕೊಂಡು ಬನ್ನಿ" ಎಂದು ಹೇಳಿ ಹೇಳಿ ಈ ಹೆಸರು ಅಂಟಿಕೊಂಡಿತ್ತು. ಮೊದಮೊದಲು ಬೆನ್ನ ಹಿಂದೆ ಅಂದರು, ಆಮೇಲೆ ಎದುರಿಗೇ ಅಂದರು, ಕೊನೆಗೆ ಅವಳೇ ಫೋನೆತ್ತಿ "ಒಣಗಕ್ಕ ಮಾತಾಡ್ತಿರೋದು" ಎನ್ನತೊಡಗಿದಳು. ಹೆಸರಷ್ಟೇ ಒಣ, ಮಾತು ಯಾವಾಗಲೂ ಹಸಿಹಸಿ.

ಅವಳು ಕಾಯುತ್ತಿದ್ದುದು ಕಳ್ಳರನ್ನಲ್ಲ, ಉಗುರಿನಷ್ಟು ಗಾತ್ರದ ಒಂದು ಪಟ್ಟೆ ಚಿಪ್ಪನ್ನು. ಯಾವುದೋ ಹಡಗಿನ ಹೊಟ್ಟೆಗೆ ಅಂಟಿಕೊಂಡು ಸಮುದ್ರದಾಚೆಯಿಂದ ಟಿಕೆಟ್ಟಿಲ್ಲದೆ ಬಂದ ಜೀವಿ ಅದು. ಇಲ್ಲಿ ಅದನ್ನು ತಿನ್ನುವವರಿಲ್ಲ, ಕೇಳುವವರಿಲ್ಲ. ಜನ ಅದನ್ನು ಅಂಟುಚಿಪ್ಪು ಎಂದರು. ನಂಟರಾದರೆ ಒಂದಲ್ಲ ಒಂದು ದಿನ ಹೊರಡುತ್ತಾರೆ, ಈ ಅಂಟರು ಹೊರಡುವ ಜಾತಿಯಲ್ಲ. ಗುಡ್ಡದಾಚೆಯ ಜಲಾಶಯಕ್ಕೆ ಅದು ಯಾರದೋ ದೋಣಿಯ ಜೊತೆ ಹೋಗಿ ಇಳಿಯಿತು. ಈಗ ಅಲ್ಲಿ ನೀರಿನ ಕೊಳವೆಗಳ ಗಂಟಲು ಕಟ್ಟಿದೆ, ದಡದಲ್ಲಿ ಬರಿಗಾಲಿಟ್ಟರೆ ರಕ್ತ, ಬಲೆ ಎಳೆದರೆ ಮೀನಿಗಿಂತ ಚಿಪ್ಪೇ ಹೆಚ್ಚು. ಒಮ್ಮೆ ಬೀಡುಬಿಟ್ಟ ಮೇಲೆ ಅದನ್ನು ಎಬ್ಬಿಸುವ ಉಪಾಯ ಯಾರಿಗೂ ತಿಳಿಯದು. ಬರದಂತೆ ತಡೆಯುವುದೊಂದೇ ದಾರಿ, ಅದು ಬರುವ ದಾರಿಗೆ ಒಣಗಕ್ಕ ಅಡ್ಡ ನಿಂತಿದ್ದಳು.

ಮೊದಲು ಅವಳು ಬಸ್ ಡಿಪೋದಲ್ಲಿ ಬಸ್ಸು ತೊಳೆಯುತ್ತಿದ್ದವಳು. ಕೆರೆಯ ಕೆಲಸಕ್ಕೆ ಆಯ್ಕೆ ಮಾಡಲು ಕೂತವರೆದುರು, "ಬಸ್ಸಿಗೆ ಸ್ನಾನ ಮಾಡ್ಸಿದವಳಿಗೆ ದೋಣಿ ಅಂದ್ರೆ ಕೈಕೂಸು ಸಾರ್" ಎಂದಿದ್ದಳು. ನೀರು ಸರಬರಾಜಿನ ವಿಜ್ಞಾನಿ ಮೇಡಂ ಅವಳನ್ನು ಕೂರಿಸಿಕೊಂಡು, ಒಂದು ಹನಿ ನೀರನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಬರಿಗಣ್ಣಿಗೆ ಕಾಣದ ಚಿಪ್ಪಿನ ಮರಿಗಳು ಅದರಲ್ಲಿ ಈಜುತ್ತಿದ್ದವು. "ಇಷ್ಟಿದ್ಕೊಂಡು ಇಷ್ಟು ಕೊಬ್ಬಾ?" ಎಂದಳು ಒಣಗಕ್ಕ. ಮೇಡಂ ನಕ್ಕರು. ಅಂದಿನಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ. ಬುದ್ಧಿ ಅವರದು, ಬಾಯಿ ಇವಳದು.

ಅವಳ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಕೈ ಸುಡುವಂಥ ಬಿಸಿನೀರು. ಆಮೇಲೆ ಕಣ್ಣು ಮುಚ್ಚಿ, ಮಗಳ ತಲೆಯಲ್ಲಿ ಹೇನು ಹುಡುಕುವ ತಾಯಿಯಂತೆ ದೋಣಿಯ ತಳದುದ್ದಕ್ಕೂ ಅಂಗೈ ಆಡಿಸುವುದು. ಮರಿಚಿಪ್ಪು ಕೂತಲ್ಲಿ ಮರಳುಕಾಗದದಂತೆ ತರಿತರಿ ತಗಲುತ್ತದೆ. ಕೊನೆಯದು ಚಿಂದಿ ಪರೀಕ್ಷೆ. ದರ್ಜಿ ಗಂಡನ ಅಂಗಡಿಯಿಂದ ತಂದ ಬಿಳಿ ಚಿಂದಿಯನ್ನು ಕಡ್ಡಿಗೆ ಸುತ್ತಿ ದೋಣಿಯ ಪ್ರತಿ ಸಂದಿಗೂ ತೂರಿಸಿ ತೆಗೆಯುವಳು. ಚಿಂದಿ ಒಣಗಿದ್ದರೆ ಪಾಸು. ಒದ್ದೆಯಾದರೆ ಫೇಲು, ದೋಣಿಗೆ ಒಂದು ವಾರ ಬಿಸಿಲು.

ಕಪ್ಪು ಕನ್ನಡಕದ ದೋಣಿ ಮಾಲೀಕನೊಬ್ಬ ಒಮ್ಮೆ ಗುಡುಗಿದ್ದ: "ನಾನ್ಯಾರು ಗೊತ್ತೇನಮ್ಮಾ?"

"ನೀವ್ಯಾರಾದ್ರೂ ಆಗಿರಿ ಸಾರ್. ನಿಮ್ಮ ದೋಣಿ ಜೊತೆ ಯಾರ್ಯಾರು ಬಂದಿದ್ದಾರೆ ಅನ್ನೋದೇ ನನಗೆ ಬೇಕಾಗಿರೋದು."

ಅವಳಿಗೊಬ್ಬ ತಮ್ಮ. ಸ್ಕೂಟರ್ ರಿಪೇರಿಯವನು. ಕೆರೆಯಲ್ಲಿ ವರ್ಷಕ್ಕೊಮ್ಮೆ ನಡೆಯುವ ದೋಣಿ ಸ್ಪರ್ಧೆಯಲ್ಲಿ ಪ್ರತಿ ಸಲವೂ ಎರಡನೆಯವನಾಗಿ ಬಂದು ಅವನ ಹೆಸರೇ 'ಸೆಕೆಂಡು' ಎಂದಾಗಿತ್ತು. ಅಂಗಡಿಯ ಸ್ಕೂಟರುಗಳೂ ಸೆಕೆಂಡ್ ಹ್ಯಾಂಡ್ ಆದ್ದರಿಂದ ಯಾರಿಗೂ ಹೆಚ್ಚು ಯೋಚಿಸುವ ಶ್ರಮ ಬೀಳಲಿಲ್ಲ. ವಯಸ್ಸು ನಲವತ್ತು ದಾಟಿ ಭುಜ ಹಟ ಮಾಡತೊಡಗಿತ್ತು. ಗೆದ್ದರೆ ಈ ವರ್ಷ, ಇಲ್ಲದಿದ್ದರೆ ಇಲ್ಲ. ಅದಕ್ಕೇ ಗೆಳೆಯನೊಬ್ಬನ ಕೈಕಾಲು ಹಿಡಿದು, ಹಕ್ಕಿಯ ಗರಿಯಂಥ ಹಗುರ ದೋಣಿಯೊಂದನ್ನು ಎರವಲು ತಂದಿದ್ದ. ತಂದದ್ದು ಗುಡ್ಡದಾಚೆಯ ಜಲಾಶಯದಿಂದ.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಅವನ ಟ್ರೇಲರ್ ಗೇಟಿನ ಮುಂದೆ ನಿಂತಿತು. ಹಿಂದೆ ನಾಲ್ಕಾರು ದೋಣಿಗಳ ಸಾಲು.

"ಅಕ್ಕಾ, ಗೇಟು ತೆಗಿ. ಒಂದು ಸುತ್ತು ಹೊಡೆದು ಕೈ ಹದ ಮಾಡ್ಕೋಬೇಕು."

"ಎಲ್ಲಿಯ ದೋಣಿನೋ?"

"ಆಚೆಕಡೇದು. ಅಲ್ಲಿ ತೊಳೆದೆ, ಇಲ್ಲಿ ತೊಳೆದೆ, ಮೇಣ ಬೇರೆ ಹಚ್ಚಿದೀನಿ. ನಿನ್ನ ಮುಖ ಕಾಣುತ್ತೆ ನೋಡು."

"ನನ್ನ ಮುಖಕ್ಕೆ ಮನೇಲಿ ಕನ್ನಡಿ ಇದೆ. ಸರಿ ಪಕ್ಕಕ್ಕೆ."

ಬಿಸಿನೀರು ಹೊಡೆದಳು. ಅಂಗೈ ಆಡಿಸಿದಳು. ರೇಷ್ಮೆಯಂತೆ ಜಾರಿತು. ಒಳಗೊಳಗೇ ಹಿಗ್ಗಿದಳು: ಕಲಿತಿದ್ದಾನೆ ನನ್ನ ತಮ್ಮ! ಆಮೇಲೆ ಮುಂದಿನ ಮೂತಿಯ ಮುಚ್ಚಿದ ಪೊಳ್ಳಿಗಿದ್ದ ಸಣ್ಣ ಬಿರಡೆ ತೆಗೆದು ಚಿಂದಿ ತೂರಿಸಿದಳು. ಹೊರಗೆ ಬಂದ ಚಿಂದಿಯನ್ನು ಹಿಂಡಿದರೆ ಹನಿ ಬಿತ್ತು. ಮೇಲೆ ಥಳಕು, ಒಳಗೆ ಹುಳುಕು.

"ಇದನ್ನ ಹೇಗಿಟ್ಟಿದ್ದೆ?"

"ಕಣ್ಣಿನ ಗೊಂಬೆ ಥರ! ತಂದಾಗಿಂದ ಟಾರ್ಪಾಲು ಬಿಚ್ಚೇ ಇಲ್ಲ. ಧೂಳು ಕೂತ್ರೆ? ಬಿಸಿಲಿಗೆ ಬಣ್ಣ ಹೋದ್ರೆ?"

"ಅಯ್ಯೋ ನನ್ನಪ್ಪಾ! ಅಷ್ಟು ದಿನ ಬಾಣಂತಿ ಥರ ಬೆಚ್ಚಗೆ ಹೊದಿಸಿ ಸಾಕಿದ್ದೀಯಲ್ಲೋ ಆ ಅಂಟುಚಿಪ್ಪುಗಳನ್ನ!"

ದೋಣಿಯನ್ನು ಪ್ರೀತಿಸುವವರಷ್ಟೇ ಮಾಡುವ ತಪ್ಪು ಅದು. ಅಸಡ್ಡೆಯವನಾಗಿದ್ದರೆ ಅಂಗಳದಲ್ಲಿ ಬಿಸಾಡಿರುತ್ತಿದ್ದ, ಬಿಸಿಲು ತನ್ನ ಕೆಲಸ ತಾನು ಮಾಡಿರುತ್ತಿತ್ತು.

"ಚಿಪ್ಪು ಇದೆಯಾ ಒಳಗೆ? ಇದ್ರೆ ತೋರಿಸು."

"ಇದೆಯೋ ಇಲ್ವೋ ನನಗೂ ಗೊತ್ತಿಲ್ಲ. ಕಣ್ಣಿಗೆ ಕಾಣೋ ಹಾಗಿದ್ರೆ ಕೆರೆಗೆ ಕಾವಲು ಯಾಕೆ ಬೇಕಿತ್ತು?"

"ಹಾಗಾದ್ರೆ ಬಿಸಿನೀರು ಬಿಡು ಅದರೊಳಗೆ."

"ಆ ಮೂತಿ ಒಳಗೆ ಪೈಪು ತಿರುಗಲ್ಲ. ಮೂಲೆಮೂಲೆಗೆ ತಲುಪಲ್ಲ. ಬಿಸಿಲೇ ಮದ್ದು. ಮುಂದಿನ ವಾರ ತಗೊಂಡ್ಬಾ."

"ಮುಂದಿನ ವಾರ ಸ್ಪರ್ಧೆ ಎಲ್ಲಿರುತ್ತಕ್ಕಾ?" ಅವನ ದನಿ ಸಣ್ಣದಾಯಿತು.

"ಸ್ವಂತ ತಮ್ಮ ಅಲ್ವಾ ಅಮ್ಮಾ, ಬಿಟ್ಬಿಡಿ," ಎಂದಿತು ಸಾಲಿನಲ್ಲಿದ್ದ ಕಪ್ಪು ಕನ್ನಡಕ. ಕನ್ನಡಕದ ಹಿಂದಿನ ಲೆಕ್ಕಾಚಾರ ಒಣಗಕ್ಕನಿಗೆ ಹೊಳೆಯದೆ ಇರಲಿಲ್ಲ. ತಮ್ಮನಿಗೆ ತೆಗೆದ ಗೇಟು ಆಮೇಲೆ ಯಾರಿಗೂ ಮುಚ್ಚಲಾರದು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಅವನ ಮುಖ ನೋಡಿದಳು, ಹಿಂದೆ ಹೊಳೆಯುತ್ತಿದ್ದ ಕೆರೆ ನೋಡಿದಳು.

"ಇಲ್ಲ," ಎಂದಳು.

ಅವನು ಹಗ್ಗ ನೆಲಕ್ಕೆ ಬಿಸಾಡಿದ. "ಇನ್ಮೇಲೆ ನನ್ನನ್ನ ತಮ್ಮ ಅನ್ಬೇಡ."

"ಅನ್ನಲ್ಲ. ಬಿರಡೆ ತೆಗೆದು ಬಿಸಿಲಿಗೆ ಮಗುಚಿಟ್ಟು ಹೋಗು."

ಸಂಜೆ ಮನೆಗೆ ಬಂದರೆ ಸುದ್ದಿ ಅವಳಿಗಿಂತ ಮೊದಲೇ ಬಂದು ಕೂತಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳು ಇಲ್ಲದ ಸದ್ದು ಮಾಡುತ್ತಿದ್ದವು.

"ಊರಿಗೆ ಉಪಕಾರಿ, ಮನೆಗೆ ಮಾರಿ!" ಎಂದಳು ಅಮ್ಮ, ಗೋಡೆಗೆ ಹೇಳುವಂತೆ. "ಒಂದು ಹನಿ ನೀರಿಗೆ ಒಡಹುಟ್ಟಿದವನ ಬಾಯಿಗೆ ಮಣ್ಣು ಹಾಕಿದ್ಲು. ಗೆಲ್ತಿದ್ದ ನನ್ನ ಮಗ."

"ಆ ಒಂದು ಹನಿಯಿಂದ ಊರಿನ ನಲ್ಲಿಯೆಲ್ಲ ಕಟ್ಟಿಹೋದ್ರೆ ಏನ್ ಕುಡಿತೀಯಮ್ಮಾ?"

"ನಿನ್ನ ಕೈನೀರಂತೂ ಕುಡಿಯಲ್ಲ!"

ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಗಂಡ ಹೇಳಿದ: "ಬಿಡಿ ಅತ್ತೆ. ಅವಳು ನನ್ನನ್ನೇ ಸರಿಯಾಗಿ ಒಣಗಿಸಿ ನೋಡಿ ಆಮೇಲೆ ಮದುವೆಯಾದೋಳು."

ಅಮ್ಮ ನಗಲಿಲ್ಲ. ಒಣಗಕ್ಕನೂ ನಗಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು. ಒಂದೇ ಒಂದು ಚಿಪ್ಪು ಸಿಕ್ಕಿದ್ದರೂ ತಂದು ಅಮ್ಮನ ಅಂಗೈಯಲ್ಲಿಟ್ಟು ಬಾಯಿ ಮುಚ್ಚಿಸಬಹುದಿತ್ತು. ಸಿಕ್ಕಿದ್ದು ಒಂದು ಒದ್ದೆ ಚಿಂದಿ. ಅದನ್ನು ಹಿಡಿದುಕೊಂಡು ತಮ್ಮನ ಆಸೆಗೆ ಬೀಗ ಹಾಕಿದ್ದಳು. ಆದರೂ ಮತ್ತೆ ಕೇಳಿದರೆ ಮತ್ತೆ ಇಲ್ಲವೆನ್ನುತ್ತಾಳೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅದೇ ಅವಳನ್ನು ಹೆಚ್ಚು ಕಾಡಿತು.

ಮರುದಿನ ಬೆಳಿಗ್ಗೆ ಗೇಟಿಗೆ ಬಂದವಳು ಬೆರಗಾಗಿ ನಿಂತಳು. ಸಾಲಿನುದ್ದಕ್ಕೂ ದೋಣಿಗಳು ಮೂತಿಯೆತ್ತಿ, ಬಿರಡೆ ಬಿಚ್ಚಿಕೊಂಡು, ಡಾಕ್ಟರರ ಮುಂದೆ ಬಾಯಿ ತೆರೆದವರಂತೆ ಕಾಯುತ್ತಿದ್ದವು. ತಕರಾರು ಎಲ್ಲೂ ಇಲ್ಲ. ತಮ್ಮನನ್ನೇ ಬಿಡದವಳು ಇನ್ನು ನಮ್ಮನ್ನು ಬಿಟ್ಟಾಳೆಯೇ ಎಂಬುದು ಎಲ್ಲರ ಮುಖದಲ್ಲೂ ಬರೆದಿತ್ತು. ಕಪ್ಪು ಕನ್ನಡಕ ಕೂಡ ಕೈಯಲ್ಲೊಂದು ಬಟ್ಟೆ ಹಿಡಿದಿದ್ದ.

"ನಾನೇ ಒರೆಸಿ ನೋಡಿದೆ ಅಮ್ಮಾ, ಪೂರ್ತಿ ಒಣಗಿದೆ."

"ಸಂತೋಷ ಸಾರ್. ಈಗ ನಮ್ಮ ಬಟ್ಟೆನೂ ಅದನ್ನೇ ಹೇಳ್ಲಿ."

ಸಾಲಿನ ಕೊನೆಯಲ್ಲಿ ತಮ್ಮ ನಿಂತಿದ್ದ. ದೋಣಿಯಿಲ್ಲ, ಹೆಗಲ ಮೇಲೆ ಎರಡು ಹುಟ್ಟು ಮಾತ್ರ. ಅವನ್ನು ಅವಳ ಮುಂದೆ ಚಾಚಿದ.

"ನೋಡು. ಇವೂ ಆಚೆಕಡೆ ನೀರು ಮುಟ್ಟಿವೆ."

ಅವಳು ಬಿಸಿನೀರು ಹೊಡೆದು, ಹಿಡಿಯ ಸಂದಿಗೂ ಚಿಂದಿ ಆಡಿಸಿ, ಎಲ್ಲರಿಗೆ ತೆಗೆದುಕೊಂಡಷ್ಟೇ ಹೊತ್ತು ತೆಗೆದುಕೊಂಡಳು. "ಸರಿಯಾಗಿವೆ. ದೋಣಿ?"

"ದೋಣಿ ಕ್ಲಬ್ಬಿನ ಹಳೇ ಮರದ್ದು. ಅದು ಹುಟ್ಟಿದಾಗಿಂದ ಈ ಕೆರೆ ಬಿಟ್ಟು ಆಚೆ ಹೋಗಿಲ್ವಲ್ಲ."

"ಅದು ದೋಣಿಯಲ್ಲ ಕಣೋ, ಎಮ್ಮೆ. ಅದರಲ್ಲಿ ಗೆಲ್ಲೋಕಾಗುತ್ತಾ?"

"ಆಗಲ್ಲ." ಅವನು ಹುಟ್ಟುಗಳನ್ನು ಹೆಗಲಿಗೇರಿಸಿದ. "ಆದ್ರೆ ನಾನು ಮನೇಲಿ ಮುಖ ಊದಿಸ್ಕೊಂಡು ಕೂತ್ರೆ, ನೀನು ಮಾಡಿದ್ದು ತಪ್ಪು ಅಂತ ಜನ ಅಂದ್ಕೊಳಲ್ವಾ?"

ಒಣಗಕ್ಕ ಚಿಂದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೇಟು ತೆಗೆದಳು.

ಸ್ಪರ್ಧೆ ಶುರುವಾಯಿತು. ಹಗುರ ದೋಣಿಗಳು ಬಾಣದಂತೆ ಹೋದವು. ಎಮ್ಮೆ ನೀರಿಗಿಳಿದ ಖುಷಿಯಲ್ಲಿತ್ತು, ಅದಕ್ಕೆ ಅವಸರವಿರಲಿಲ್ಲ. ಎಲ್ಲರೂ ಮುಟ್ಟಿ, ಕೈಕುಲುಕಿ, ನೀರು ಕುಡಿಯತೊಡಗಿದರೂ ಸೆಕೆಂಡು ಕೆರೆಯ ನಡುವೆ ಒಬ್ಬನೇ ಬೆವರು ಸುರಿಸಿ ಹುಟ್ಟು ಹಾಕುತ್ತಿದ್ದ. ದಡದ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. ಪಕ್ಕದಲ್ಲಿ ಬೇರೆ ಊರಿನಿಂದ ಬಂದ ಯಾರದೋ ತಾಯಿ.

"ಅಯ್ಯೋ ಪಾಪ," ಎಂದಳು ಆಕೆ. "ಆ ಕೊನೆಯವನು ಯಾಕಾದ್ರೂ ಬಂದ್ನೋ!"

ಗೇಟಿನ ಬಳಿಯಿದ್ದ ಒಣಗಕ್ಕ ಅತ್ತ ಕಿವಿಗೊಟ್ಟಳು. ಅಮ್ಮ ಸೆರಗು ಸರಿಪಡಿಸಿಕೊಂಡು ಆಕೆಯ ಕಡೆ ತಿರುಗಿದಳು.

"ಅವನು ನನ್ನ ಮಗ. ಯಾಕೆ ಕೊನೆಯಾದ ಗೊತ್ತಾ? ಇದ್ದಿದ್ರಲ್ಲೆಲ್ಲ ಒಳ್ಳೇ ದೋಣಿ ತಂದಿದ್ದ. ಒಳಗೊಂದು ಹನಿ ನೀರಿತ್ತು ಅಂತ ಒಳಗೆ ಬಿಡ್ಲಿಲ್ಲ. ಬಿಡದೇ ಇದ್ದೋಳು ಯಾರು ಅಂತೀರಿ? ಅಗೋ, ಬೂಟು ಹಾಕ್ಕೊಂಡು ನಿಂತಿದ್ದಾಳಲ್ಲ, ಅವಳು. ಅವಳೂ ನನ್ನ ಮಗಳೇ!" ಇಡೀ ದಡಕ್ಕೆ ಕೇಳುವಂತೆ ಹೇಳಿ, ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಅದಿರಲಿ, ನಿಮ್ಮ ಹುಡುಗನ ದೋಣಿ ಯಾವುದು? ಸರಿಯಾಗಿ ಒಣಗಿತ್ತು ತಾನೇ?"